ಔಷಧಿಗೆ ಅಂದಾಜು ಬೇಡ

ಈ ಸಲದ ಗೋಡೆ ಪತ್ರಿಕೆಗೆ ನಾನು ಮಳೆಗಾಲದ ಮೇಲೆ ಒಂದು ಕವನ ಬರೆಯುವವಳಿದ್ದೆ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಬರೆದರೆ ಚಿಕ್ಕ ಮಕ್ಕಳಿರುವ ಮನೆಗಳಿಗೆ ಉಪಯೋಗ ಆಗ್ತದೆ ಅನ್ನಿಸಿತು.

ನನ್ನ ತಮ್ಮನಿಗೆ ಮೂರು ವರ್ಷ. ಆಷಾಢದ ಜೋರು ಮಳೆಯಲ್ಲಿ ಅವನಿಗೆ ಜ್ವರ ಬಂತು. ಕಿವಿ ಹಿಡಿದುಕೊಂಡು ರಾತ್ರಿಯಿಡೀ ಅತ್ತ. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಸೋಂಕಾಗಿದೆ ಎಂದು ಎರಡು ಬಾಟಲಿ ಬರೆದುಕೊಟ್ಟರು. ಒಂದು ಜ್ವರದ ಸಿರಪ್, ಅದು ಜ್ವರ ಇದ್ದಾಗ ಮಾತ್ರ. ಇನ್ನೊಂದು ಆ್ಯಂಟಿಬಯಾಟಿಕ್, ಅದು ಜ್ವರ ಇರಲಿ ಬಿಡಲಿ ಏಳು ದಿನ.

ಮೂರನೇ ದಿನ ಜ್ವರ ಬಿಟ್ಟಿತು. ತಮ್ಮ ಅಂಗಳದ ಕೆಸರಲ್ಲಿ ಆಡತೊಡಗಿದ. ಅಜ್ಜಿ, "ಜ್ವರ ಹೋತು. ಇನ್ನೆಂತಕ್ಕೆ ಔಷಧಿ? ಮಾಣಿಗೆ ಉಷ್ಣ ಆಗ್ತು" ಅಂದರು. ಆಯಿಗೂ ಹೌದೆನ್ನಿಸಿತು. ಎರಡೂ ಬಾಟಲಿ ನಾಗಂದಿಗೆ ಸೇರಿದವು. ಎರಡು ದಿನ ಕಳೆದು ರಾತ್ರಿ ತಮ್ಮ ಮತ್ತೆ ಚೀರತೊಡಗಿದ. ಬೆಳಿಗ್ಗೆ ನೋಡಿದರೆ ಕಿವಿಯಿಂದ ಕೀವು ಬರ್ತಿತ್ತು. ಅದೇ ಮಳೆಯಲ್ಲಿ ಆಯಿ ಅವನನ್ನು ಸೆರಗಲ್ಲಿ ಸುತ್ತಿಕೊಂಡು ಮತ್ತೆ ಬಸ್ಸು ಹತ್ತಿದರು. ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಬೈಯಲಿಲ್ಲ. ಮತ್ತೆ ಪರೀಕ್ಷೆ ಮಾಡಿ, ಹೊಸದಾಗಿ ಬರೆದುಕೊಟ್ಟು, ತಿಳಿಸಿ ಹೇಳಿದರು.

ಜ್ವರದ ಸಿರಪ್ ಜ್ವರವನ್ನು ಇಳಿಸ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಥವಾ ಬೆಳೆಯದಂತೆ ತಡೆಯುತ್ತದೆ. ಜ್ವರ ಬಿಟ್ಟಾಗ ಮಗು ಹುಷಾರಾದಂತೆ ಕಂಡರೂ ಒಳಗೆ ಸ್ವಲ್ಪ ರೋಗಾಣು ಉಳಿದಿರಬಹುದು. ನಡುವೆ ಬಿಟ್ಟರೆ ಅವು ಮತ್ತೆ ಹೆಚ್ಚಬಹುದು. ಕಡಿಮೆ ಔಷಧಿ ತಿಂದು ಬದುಕಿದ ರೋಗಾಣುಗಳಿಗೆ ಮುಂದೆ ಆ ಔಷಧಿ ನಾಟದೇ ಹೋಗಬಹುದು. 1928ರಲ್ಲಿ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗಲೇ ಈ ಎಚ್ಚರಿಕೆ ಹೇಳಿದ್ದರು. ಎಷ್ಟು ದಿನ ಕೊಡಬೇಕು ಅಂತ ಡಾಕ್ಟರು ಹೇಳಬೇಕು, ನಾವಾಗಿ ನಿಲ್ಲಿಸಬಾರದು.

ಎರಡನೇ ತಪ್ಪು ನಾನೇ ಕಂಡುಹಿಡಿದದ್ದು. ಅಜ್ಜಿ ಔಷಧಿಯನ್ನು ಒಳಲೆಯಲ್ಲಿ ಅಂದಾಜಿಗೆ ಹಾಕಿ ಕುಡಿಸ್ತಿದ್ದರು. ಅಜ್ಜಿ ಇಲ್ಲದಾಗ ಆಯಿ ಅಡುಗೆಮನೆ ಚಮಚದಲ್ಲಿ ಕೊಡ್ತಿದ್ದರು. ನಾನು ಮನೆಯ ಮೂರು ಚಮಚ ಶಾಲೆಗೆ ತಂದು, ವಿಜ್ಞಾನದ ಸರ್ ಹತ್ತಿರ ಕೇಳಿ, ಅಳತೆ ಜಾಡಿಯಲ್ಲಿ ನೀರು ಹಾಕಿ ಅಳೆದೆ. ಒಂದರಲ್ಲಿ 3 ಮಿ.ಲೀ., ಒಂದರಲ್ಲಿ 4, ಮತ್ತೊಂದರಲ್ಲಿ 8! ಔಷಧಿಯ ಲೆಕ್ಕದಲ್ಲಿ ಒಂದು ಚಮಚ ಅಂದರೆ 5 ಮಿ.ಲೀ. ನಮ್ಮ ಮೂರರಲ್ಲಿ ಒಂದೂ ಸರಿ ಇರಲಿಲ್ಲ.

ನಮ್ಮ ಅಪ್ಪ ಅಡಿಕೆಗೆ ಕೊಳೆ ಔಷಧಿ ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಅಂತ ತೂಕ ಮಾಡಿಯೇ ಹಾಕ್ತಾರೆ. ತೋಟಕ್ಕೆ ಇಷ್ಟು ಅಳತೆ, ತಮ್ಮನಿಗೆ ಮಾತ್ರ ಅಂದಾಜೇ? ಹೀಗೆ ಕೇಳಿದಾಗ ಮನೆಯಲ್ಲಿ ಎಲ್ಲರೂ ಸುಮ್ಮನಾದರು.

ಡಾಕ್ಟರು, ಔಷಧಿ ಅಂಗಡಿಯವರು, ಆಶಾ ಅಕ್ಕ ಹೇಳಿದ್ದನ್ನೆಲ್ಲ ಕೂಡಿಸಿ ಇಲ್ಲಿ ಬರೆದಿದ್ದೇನೆ.

1. ಪುಡಿಗೆ ನೀರು ಬೆರೆಸುವುದು: ಈ ಔಷಧಿ ಹೆಚ್ಚಾಗಿ ಬಾಟಲಿಯಲ್ಲಿ ಪುಡಿಯಾಗಿ ಬರ್ತದೆ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಬೇಕು. ಜೊತೆಗೆ ನೀರಿನ ಸಣ್ಣ ಕುಪ್ಪಿ ಕೊಟ್ಟಿದ್ದರೆ ಅದನ್ನೇ ಹಾಕಬೇಕು. ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಬಿಸಿನೀರು ಬೇಡ. ಸ್ವಲ್ಪ ಹಾಕಿ ಕುಲುಕಿ, ಆಮೇಲೆ ಗೆರೆವರೆಗೆ ತುಂಬಿ ಮತ್ತೆ ಕುಲುಕಬೇಕು. ನೊರೆ ಇಳಿದ ಮೇಲೆ ಗೆರೆಗಿಂತ ಕಡಿಮೆಯಾದರೆ ಅಷ್ಟು ನೀರು ಸೇರಿಸಬೇಕು. ಗೆರೆ ದಾಟಿದರೆ ಔಷಧಿ ತೆಳ್ಳಗಾಗ್ತದೆ. ಗೊತ್ತಾಗದಿದ್ದರೆ ಅಂಗಡಿಯವರ ಹತ್ತಿರವೇ ಬೆರೆಸಿಕೊಂಡು ಬರಬೇಕು.

2. ತಾರೀಕು ಬರೆಯುವುದು: ನೀರು ಹಾಕಿದ ದಿನವನ್ನು ಬಾಟಲಿ ಮೇಲೆ ಬರೆಯಬೇಕು. ಬೆರೆಸಿದ ಔಷಧಿ ಕೆಲವೇ ದಿನ ಬಾಳ್ತದೆ. ಎಷ್ಟು ದಿನ, ಫ್ರಿಜ್ಜಿನಲ್ಲಿ ಇಡಬೇಕೋ ಬೇಡವೋ ಎಂಬುದು ಲೇಬಲ್ಲಿನಲ್ಲಿ ಇರ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಆದ್ದರಿಂದ ಇದನ್ನು ತರುವಾಗಲೇ ಅಂಗಡಿಯಲ್ಲಿ ಕೇಳಬೇಕು.

3. ಅಳತೆ: ಪ್ರತಿ ಸಲ ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ಔಷಧಿ ಅಡಿಯಲ್ಲೇ ಕೂತಿರ್ತದೆ. ಮಿ.ಲೀ. ಗೆರೆ ಇರುವ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್‌ನಲ್ಲೇ ಅಳೆಯಬೇಕು. ತಮ್ಮನಿಗೆ ಎಷ್ಟು ಮಿ.ಲೀ. ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದು ಅವನ ತೂಕ ನೋಡಿ ಬರೆದದ್ದು, ನಿಮ್ಮ ತಮ್ಮನಿಗೆ ಅದು ಆಗುವುದಿಲ್ಲ. ಒಂದೇ ಹೆಸರಿನ ಔಷಧಿ ಒಂದು ಬಾಟಲಿಯಲ್ಲಿ 5 ಮಿ.ಲೀ.ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250 ಮಿಲಿಗ್ರಾಂ ಇರಬಹುದು. ಅದಕ್ಕೇ ಬಾಟಲಿ ಬದಲಾದರೆ ಮತ್ತೆ ಕೇಳಬೇಕು.

4. ಕುಡಿಸುವುದು: ಮಗುವನ್ನು ಕೂರಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಡಬೇಕು. ಮಲಗಿಸಿ, ಮೂಗು ಹಿಡಿದು ಸುರಿದರೆ ಉಸಿರುನಾಳಕ್ಕೆ ಹೋಗಬಹುದು. ಲೋಟ ತುಂಬ ಹಾಲಿಗೆ ಬೆರೆಸಿದರೆ ಅರ್ಧ ಕುಡಿದು ಬಿಟ್ಟಾಗ ಲೆಕ್ಕ ತಪ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪದಲ್ಲಿ ಕೊಡಲೇಬಾರದು.

5. ಗೀಟು ಹಾಕುವುದು: ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಬೇಕು. ಆಗ ಆಯಿ ಕೊಟ್ಟದ್ದನ್ನು ಅಜ್ಜಿ ಮತ್ತೆ ಕೊಡುವುದಿಲ್ಲ. ಒಂದು ಸಲ ಮರೆತರೆ ನೆನಪಾದಾಗ ಕೊಡಬಹುದು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಬೇಕು. ಎರಡು ಸಲದ್ದು ಕೂಡಿಸಿ ಕೊಡಬಾರದು. ಕುಡಿದದ್ದೆಲ್ಲ ವಾಂತಿಯಾದರೆ ಡಾಕ್ಟರಿಗೆ ಕೇಳದೇ ಮತ್ತೆ ಕೊಡಬಾರದು.

6. ಅಪಾಯದ ಗುರುತು: ಸ್ವಲ್ಪ ಭೇದಿ ಆಗುವುದುಂಟು, ಆಗ ನೀರು, ಗಂಜಿ ಹೆಚ್ಚು ಕುಡಿಸಬೇಕು. ಭೇದಿ ಜೋರಾದರೆ, ರಕ್ತ ಕಂಡರೆ ಆಸ್ಪತ್ರೆಗೆ ಹೋಗಬೇಕು. ಮೈಮೇಲೆ ದದ್ದು ಎದ್ದರೆ ಮುಂದಿನ ಸಲದ್ದು ಕೊಡುವ ಮೊದಲು ಡಾಕ್ಟರಿಗೆ ತಿಳಿಸಬೇಕು. ಮುಖ, ತುಟಿ ಬಾತರೆ ಅಥವಾ ಉಸಿರಾಡಲು ಕಷ್ಟವಾದರೆ ಔಷಧಿ ನಿಲ್ಲಿಸಿ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಮೊದಲು ಯಾವುದಾದರೂ ಔಷಧಿ ಆಗದೇ ಇದ್ದದ್ದಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

7. ಉಳಿದದ್ದು: ತಮ್ಮ ಹುಷಾರಾದ ಮೇಲೆ ಪಕ್ಕದ ಮನೆಯ ಅತ್ತೆ ಬಂದು, "ನಮ್ಮ ಮಗಂಗೆ ಥಂಡಿ, ಉಳಿದಿದ್ದಿದ್ರೆ ಕೊಡು" ಅಂದರು. ಆಯಿ ಕೊಡಲಿಲ್ಲ. ಅತ್ತೆಗೆ ಬೇಸರವಾಯಿತು. ಆದರೆ ನೆಗಡಿ ಬರುವುದು ವೈರಸ್‌ನಿಂದ, ಅದಕ್ಕೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ. ನಮ್ಮ ಸಿದ್ದಾಪುರ ತಾಲೂಕಿನಲ್ಲಿ 2024ರಲ್ಲೂ ಕಾಣಿಸಿಕೊಂಡಿದ್ದ ಮಂಗನ ಕಾಯಿಲೆಯೂ ವೈರಸ್ಸಿನದೇ. ಜ್ವರ ಬಂದವರಿಗೆ ಮನೆಯಲ್ಲಿ ಉಳಿದ ಔಷಧಿ ಕುಡಿಸಿ ಕಾಯುತ್ತ ಕೂತರೆ ಆಸ್ಪತ್ರೆಗೆ ಹೋಗುವ ಹೊತ್ತು ತಪ್ಪಿಹೋಗ್ತದೆ. ಲೇಬಲ್ಲಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೇ ತೆಗೆದುಕೊಳ್ಳುವ ಔಷಧಿ ಅಲ್ಲ ಎಂದರ್ಥ. ಇದನ್ನು ಜನರಿಗೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ನಡೆಸಿತ್ತು.

ಎರಡನೇ ಸಲ ತಮ್ಮನಿಗೆ ಹೇಳಿದಷ್ಟು ದಿನ, ಹೇಳಿದಷ್ಟೇ ಅಳತೆಯಲ್ಲಿ ಕೊಟ್ಟೆವು. ಗೀಟು ಹಾಕುವ ಕೆಲಸ ನನ್ನದು. ಕೊನೆಕೊನೆಗೆ ಅಜ್ಜಿಯೇ, "ಕೂಸೆ, ಇವತ್ತಿಂದು ಗೀಟು ಹಾಕಿದ್ಯ?" ಅಂತ ಕೇಳ್ತಿದ್ದರು. ಕೀವು ನಿಂತಿತು. ಈಗ ಮೆಲ್ಲಗೆ ಕರೆದರೂ ತಮ್ಮ ತಿರುಗಿ ನೋಡ್ತಾನೆ. ಆಯಿ ದಿನಕ್ಕೆ ನಾಲ್ಕು ಸಲವಾದರೂ ಹಾಗೆ ಕರೆದು ನೋಡ್ತಾರೆ.

ಗೆಳೆಯರೇ, ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ನಾಗಂದಿಗೆ ನೋಡಿ. ಅಲ್ಲಿ ಅರ್ಧ ಉಳಿದ ಹಳೇ ಬಾಟಲಿ ಇದ್ದರೆ ಯಾರಿಗೂ ಕೊಡಬೇಡಿ, ಹಳ್ಳಕ್ಕೂ ಚೆಲ್ಲಬೇಡಿ. ಏನು ಮಾಡಬೇಕೆಂದು ಆಶಾ ಅಕ್ಕನಿಗೆ ಕೇಳಿ. ಮನೆಯಲ್ಲಿ ಲೇಬಲ್ ಓದಲು ಬಾರದ ಹಿರಿಯರಿದ್ದರೆ ನೀವು ಓದಿ ಹೇಳಿ.

— 7ನೇ ತರಗತಿ ವಿದ್ಯಾರ್ಥಿನಿ, ಹೆಗ್ಗರಣೆ