ಅಂಟುಜಾಡ್ಯವೂ ಅಂಜಿಕೆಯೂ



ಮಳೆಗಾಲ ಬಂತೆಂದರೆ ನಮ್ಮ ಹೈದರಾಬಾದಿನ ನಲ್ಲಕುಂಟೆಯ ಜ್ವರದ ಆಸ್ಪತ್ರೆಯ ಮುಂದೆ ಸಾಲು ಬೆಳೆಯತೊಡಗುತ್ತದೆ. ಡೆಂಗಿ, ಮಲೇರಿಯ, ವಿಷಮಶೀತಜ್ವರ ಎಂಬ ಹೆಸರುಗಳು ಬಾಯಿಂದ ಬಾಯಿಗೆ ಹೋಗುತ್ತವೆ. ಆ ದಿನಗಳಲ್ಲಿ ನಮ್ಮ ವಾಚನಾಲಯದಲ್ಲಿಯೂ ಒಂದು ಬದಲಾವಣೆ ಕಾಣುತ್ತದೆ. ಪತ್ರಿಕೆ ಓದುವವರು ಒಬ್ಬರಿಂದೊಬ್ಬರು ಸ್ವಲ್ಪ ಸರಿದು ಕುಳಿತುಕೊಳ್ಳುತ್ತಾರೆ. ಯಾರಾದರೂ ಕೆಮ್ಮಿದರೆ ನಾಲ್ಕು ತಲೆಗಳು ಒಟ್ಟಿಗೆ ಮೇಲೇಳುತ್ತವೆ. ರೋಗ ಒಳಗೆ ಬಂದಿದೆಯೋ ಇಲ್ಲವೋ ನಾವು ಹೇಳಲಾರೆವು. ಅಂಜಿಕೆ ಮಾತ್ರ ಆಗಲೇ ಬಂದು ಬೆಂಚಿನ ಮೇಲೆ ಕುಳಿತಿರುತ್ತದೆ.

ರೋಗದಿಂದ ದೇಹವನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಗೋಡೆಗಳ ಮೇಲೆ ಭಿತ್ತಿಪತ್ರಗಳಿರುತ್ತವೆ. ಅಂಜಿಕೆಯಿಂದ ಮನಸ್ಸನ್ನು ಕಾಪಾಡಿಕೊಳ್ಳುವುದು ಹೇಗೆಂದು ಹೇಳುವವರು ಕಡಿಮೆ. ನಾವು ವೈದ್ಯರಲ್ಲ; ಗಿರಣಿಯಲ್ಲಿ ಹಾಜರಿ ಮತ್ತು ಲೆಕ್ಕ ಬರೆಯುವವರು, ಓದಿದ್ದು ಮೆಟ್ರಿಕ್ಕಿನವರೆಗೆ. ಆದರೆ ಓದಿ ತಿಳಿದದ್ದನ್ನೂ ಕಂಡು ಕಲಿತದ್ದನ್ನೂ ನಾಲ್ಕು ಜನರ ಮುಂದೆ ಇಡುವುದು ಈ ಪತ್ರಿಕೆಯ ಪದ್ಧತಿಯಾದುದರಿಂದ ಬರೆಯುತ್ತಿದ್ದೇವೆ.

ಕೋರಂಟಿ ಎಂಬ ಹೆಸರು

ಊರಿನ ಹಳಬರು ನಲ್ಲಕುಂಟೆಯ ಆಸ್ಪತ್ರೆಗೆ ‘ಕೋರಂಟಿ ದವಾಖಾನೆ’ ಎನ್ನುತ್ತಾರೆ. ‘ಕ್ವಾರಂಟೈನ್’ ಎಂಬ ಶಬ್ದವೇ ಜನರ ಬಾಯಲ್ಲಿ ಸವೆದು ಹೀಗಾಯಿತು. ಅದರ ಮೂಲ ಇಟಲಿಯ ವೆನಿಸ್ ನಗರದ್ದು. ಪ್ಲೇಗಿನ ಕಾಲದಲ್ಲಿ ಹೊರಗಿನಿಂದ ಬಂದ ಹಡಗುಗಳನ್ನು 40 ದಿನ ದೂರ ನಿಲ್ಲಿಸಿ, ಆಮೇಲೆ ಜನರನ್ನು ದಡಕ್ಕೆ ಬಿಡುತ್ತಿದ್ದರು. ಅವರ ಮಾತಿನಲ್ಲಿ ನಲವತ್ತಕ್ಕೆ ಕ್ವರಂತ ಎಂದು ಹೆಸರು. ಬೇರೆ ಇರಿಸುವುದು ರೋಗವನ್ನು ತಡೆಯುವ ಹಳೆಯ ಉಪಾಯ. ಆದರೆ ಬೇರೆ ಇರಿಸಲ್ಪಟ್ಟವನ ಮನಸ್ಸಿಗೆ ಏನಾಗುತ್ತದೆಂಬುದನ್ನು ಆಗ ಯಾರೂ ಹೆಚ್ಚಾಗಿ ಯೋಚಿಸಲಿಲ್ಲ.

ಈ ಆಸ್ಪತ್ರೆ ಈಗ ಸರ್ ರೊನಾಲ್ಡ್ ರಾಸ್ ಅವರ ಹೆಸರನ್ನು ಹೊತ್ತಿದೆ. ಅದು ಉಚಿತವಾದುದೇ. 1897ರ ಆಗಸ್ಟ್ 20ರಂದು ಈ ರಾಸ್ ಸಾಹೇಬರು ನಮ್ಮ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಮಲೇರಿಯದ ಜೀವಾಣು ಅಲ್ಲಿ ಬೆಳೆಯುವುದನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮಲೇರಿಯ ಎಂಬ ಶಬ್ದಕ್ಕೆ ‘ಕೆಟ್ಟ ಗಾಳಿ’ ಎಂದರ್ಥ. ಅಲ್ಲಿಯವರೆಗೆ ಜನ ಗಾಳಿಗೆ ಹೆದರುತ್ತಿದ್ದರು. ಗಾಳಿಗೆ ಹೆದರಿದವನು ಏನು ಮಾಡಬಲ್ಲ? ಸೊಳ್ಳೆಗೆ ಹೆದರಿದವನು ಪರದೆ ಕಟ್ಟಬಲ್ಲ, ನಿಂತ ನೀರು ಚೆಲ್ಲಬಲ್ಲ. ಭಯದ ವಿಷಯದಲ್ಲಿ ನಾವು ತಿಳಿಯಬೇಕಾದ ಮೊದಲ ಪಾಠ ಇದೇ. ಹೆಸರು, ದಾರಿ ತಿಳಿಯದ ಶತ್ರು ಮನಸ್ಸನ್ನು ತಿನ್ನುತ್ತದೆ. ಅದರ ದಾರಿ ತಿಳಿದರೆ ಕೈಗೆ ಒಂದು ಕೆಲಸ ಸಿಗುತ್ತದೆ.

ಅಂಜಿಕೆ ರೋಗದ ವೇಷ ಹಾಕುವ ಬಗೆ

ಅಂಜಿಕೆ ಸ್ವತಃ ಕೆಟ್ಟದ್ದಲ್ಲ. ದಾರಿಯಲ್ಲಿ ಹಾವು ಕಂಡಾಗ ಹಿಂದಕ್ಕೆ ಹಾರುವಂತೆ ಮಾಡುವುದು ಅದೇ. ಆ ಕ್ಷಣದಲ್ಲಿ ದೇಹದಲ್ಲಿ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಎದೆ ಬಡಿದುಕೊಳ್ಳುತ್ತದೆ, ಉಸಿರು ವೇಗವಾಗುತ್ತದೆ, ಮೈ ಬೆವರುತ್ತದೆ, ಹೊಟ್ಟೆ ಕಲಕುತ್ತದೆ. ಹಾವು ಪೊದೆ ಸೇರಿದರೆ ದೇಹವೂ ಶಾಂತವಾಗುತ್ತದೆ.

ಆದರೆ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಹೋಯಿತೆಂದು ಹೇಳುವವರೂ ಇಲ್ಲ. ಆದುದರಿಂದ ಎಚ್ಚರಿಕೆಯ ಗಂಟೆ ನಿಲ್ಲದೆ ಬಾರಿಸುತ್ತಲೇ ಇರುತ್ತದೆ. ನಿದ್ರೆ ಕೆಡುತ್ತದೆ, ಅನ್ನ ಸೇರುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಇನ್ನೊಂದು ತೊಡಕೂ ಉಂಟು. ಅಂಜಿಕೆಯ ಲಕ್ಷಣಗಳು ರೋಗದ ಲಕ್ಷಣಗಳನ್ನೇ ಹೋಲುತ್ತವೆ. ಉಸಿರು ಕಟ್ಟಿದಂತಾದರೆ ‘ರೋಗ ಬಂದೇ ಬಂತು’ ಎನಿಸುತ್ತದೆ. ಹಾಗೆನಿಸಿದೊಡನೆ ಉಸಿರು ಮತ್ತಷ್ಟು ಕಟ್ಟುತ್ತದೆ. ಗಾಣದ ಎತ್ತಿನಂತೆ ಮನಸ್ಸು ಸುತ್ತುತ್ತದೆ.

ಇವೆರಡನ್ನು ಬೇರ್ಪಡಿಸಲು ಒಂದು ಸಾಧಾರಣ ಗುರುತು ಹೇಳಬಹುದು. ಅಂಜಿಕೆಯ ಉಬ್ಬರ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಏರಿ ಇಳಿಯುತ್ತದೆ; ನಿಧಾನವಾಗಿ ಉಸಿರು ಬಿಟ್ಟರೆ ತಗ್ಗುತ್ತದೆ. ಜ್ವರಮಾಪಕದಲ್ಲಿ ಕಾಣುವ ಜ್ವರವನ್ನು ಅಂಜಿಕೆಯೆಂದು ತಳ್ಳಿಹಾಕಬಾರದು. ಉಸಿರಿನ ತೊಂದರೆ ಇಳಿಯದಿದ್ದರೆ, ಎದೆನೋವಿದ್ದರೆ, ಇದು ಬರಿಯ ಭಯವೆಂದು ನಾವೇ ತೀರ್ಮಾನ ಮಾಡದೆ ದವಾಖಾನೆಗೆ ಹೋಗತಕ್ಕದ್ದು.

ಹಿಂದಿನವರು ಹೇಗೆ ತಾಳಿಕೊಂಡರು

1898ರಲ್ಲಿ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನೂ ಬೆಂಗಳೂರನ್ನೂ ಹಿಡಿಯಿತು. ಆ ಕಾಲದಲ್ಲಿ ಇಲಿ ಸತ್ತು ಬಿದ್ದರೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದುದನ್ನು ನಮ್ಮಲ್ಲಿ ಹಲವರು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ಇಲಿಯ ಮೈಮೇಲಿನ ಚಿಗಟ ರೋಗವನ್ನು ತರುತ್ತದೆಂದು ಅವರಿಗೆ ತಿಳಿಯದು. ಆದರೂ ಇಲಿಗಳಿಂದ ದೂರವಾದುದರಿಂದ ಆ ಉಪಾಯ ಫಲಿಸಿತು. ಊರೆಲ್ಲ ಒಟ್ಟಿಗೆ ಹೋದುದರಿಂದ ಯಾರೊಬ್ಬರೂ ಒಂಟಿಯಾಗಲಿಲ್ಲ. ಬೆಂಗಳೂರಿನ ಕಡೆ ಪ್ಲೇಗಿನ ಮಾರಮ್ಮನಿಗೆ ಗುಡಿಗಳೂ ಆದವು. ನಮ್ಮ ಕಪಾಟಿನಲ್ಲಿರುವ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು (1965) ಓದಿದವರು, ಪ್ಲೇಗು ಹೊಕ್ಕ ಅಗ್ರಹಾರದ ಜನ ಅದನ್ನು ರೋಗವೆಂದು ತಿಳಿಯದೆ ಹೇಗೆ ತಳಮಳಿಸಿದರೆಂಬುದನ್ನು ಬಲ್ಲರು.

ಈ ಊರಿನಲ್ಲಿ ಆಷಾಢದಲ್ಲಿ ನಡೆಯುವ ಬೋನಾಲು ಹಬ್ಬಕ್ಕೂ ಇಂಥದೇ ಕಥೆಯುಂಟು. 1813ರಲ್ಲಿ ಇಲ್ಲಿ ಮಹಾಮಾರಿ ಬಂದಾಗ, ಉಜ್ಜಯಿನಿಯಲ್ಲಿದ್ದ ಇಲ್ಲಿನ ಸಿಪಾಯಿಗಳು ಮಹಾಕಾಳಿಗೆ ಹರಕೆ ಹೊತ್ತರೆಂದೂ, ಹಿಂತಿರುಗಿ ಬಂದು ಸಿಕಂದರಾಬಾದಿನಲ್ಲಿ ದೇವಿಯನ್ನು ಸ್ಥಾಪಿಸಿದರೆಂದೂ ಹೇಳುತ್ತಾರೆ. ಹರಕೆ ರೋಗಾಣುವನ್ನು ಕೊಲ್ಲುತ್ತದೆಂದು ನಾವು ಹೇಳುವುದಿಲ್ಲ. ಆದರೆ ಮನೆಯಲ್ಲಿ ಒಬ್ಬಳೇ ನಡುಗುವ ಹೆಂಗಸು ನೂರು ಜನರೊಡನೆ ತಲೆಯ ಮೇಲೆ ಬೋನ ಹೊತ್ತು ನಡೆದಾಗ ಭಯ ಹಂಚಿಹೋಗುತ್ತದೆ. ಹಬ್ಬದ ಮರುದಿನ ಲಸಿಕೆಯನ್ನೂ ಹಾಕಿಸಿಕೊಂಡರೆ ಎರಡೂ ಕೆಲಸ ಆದಂತಾಯಿತು.

ಭಯ ಕೈಮೀರಿದರೆ ಏನಾಗುತ್ತದೆಂಬುದಕ್ಕೆ ಸೂರತ್ ಪಟ್ಟಣ ಸಾಕ್ಷಿ. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗೆಂಬ ಸುದ್ದಿ ಹಬ್ಬಿದೊಡನೆ ಲಕ್ಷಾಂತರ ಜನ ಊರು ಬಿಟ್ಟರು. ಅವರಲ್ಲಿ ಬಹುಮಂದಿ ನಮ್ಮಂತೆಯೇ ಹೊಟ್ಟೆಪಾಡಿಗೆ ಬಂದು ಗಿರಣಿಗಳಲ್ಲಿ ದುಡಿಯುತ್ತಿದ್ದವರು. ಟೆಟ್ರಾಸೈಕ್ಲಿನ್ ಗುಳಿಗೆ ಅಂಗಡಿಗಳಿಂದ ಮಾಯವಾಯಿತು. ರೋಗಕ್ಕೆ ಔಷಧವಿತ್ತು; ಓಟಕ್ಕೆ ಔಷಧವಿರಲಿಲ್ಲ.

ನಾವೇ ಕಂಡ ಕಾಲ

ಕೊರೋನ ನಮಗೆ ದೂರದ ಸುದ್ದಿಯಾಗಿರಲಿಲ್ಲ. ತೆಲಂಗಾಣದ ಮೊದಲ ರೋಗಿ ಪತ್ತೆಯಾದದ್ದು 2020ರ ಮಾರ್ಚ್ 2ರಂದು. ದೇಶದ ಮೊದಲ ಸಾವು ಮಾರ್ಚ್ 10ರಂದು, ನಮ್ಮಲ್ಲಿ ಎಷ್ಟೋ ಜನರ ತವರಾದ ಕಲಬುರಗಿಯಲ್ಲಿ. ದುಡಿಯುವ ಊರಿನಲ್ಲಿ ರೋಗ, ಹುಟ್ಟಿದ ಊರಿನಲ್ಲೂ ರೋಗ. ಮಾರ್ಚ್ 25ರಿಂದ ದೇಶವೆಲ್ಲ ಬಂದಾಯಿತು. ಬಸ್ಸು ರೈಲು ನಿಂತವು. ಮೇ 1ರಂದು ಇಲ್ಲಿನ ಲಿಂಗಂಪಲ್ಲಿಯಿಂದ ಸುಮಾರು 1,200 ಕೂಲಿಕಾರರನ್ನು ಹೊತ್ತು ಝಾರ್ಖಂಡದ ಹಟಿಯಾಕ್ಕೆ ಹೊರಟ ಗಾಡಿಯೇ ಕಾರ್ಮಿಕರಿಗೆಂದು ಬಿಟ್ಟ ದೇಶದ ಮೊದಲ ವಿಶೇಷ ರೈಲು.

ಆ ದಿನಗಳಲ್ಲಿ ಅಂಜಿಕೆ ಮೂರು ಬಗೆಯಲ್ಲಿ ನಮ್ಮನ್ನು ಕೆಡಿಸಿತು. ಮೊದಲನೆಯದು ಸುದ್ದಿಯ ಚಟ. ರಾತ್ರಿ ಎರಡರವರೆಗೆ ಮೊಬೈಲು ಹಿಡಿದು ಸತ್ತವರ ಸಂಖ್ಯೆ ಎಣಿಸಿದೆವು. ಸುದ್ದಿಯ ಈ ಮಹಾಪೂರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯವರು ‘ಇನ್ಫೋಡೆಮಿಕ್’ ಎಂದರು, ಅಂದರೆ ಸುದ್ದಿಯ ಸಾಂಕ್ರಾಮಿಕ. ಎರಡನೆಯದು ದೂಷಣೆ. ಭಯಗೊಂಡ ಮನಸ್ಸು ಕಾಣದ ರೋಗಾಣುವಿನ ಬದಲು ಕಾಣುವ ಮನುಷ್ಯನನ್ನು ಹುಡುಕುತ್ತದೆ. ನರ್ಸುಗಳನ್ನು, ವೈದ್ಯರನ್ನು ಬಾಡಿಗೆ ಮನೆ ಬಿಡಿಸಿದ ಸುದ್ದಿಗಳು ಬಂದವು. ಅವರ ಮೇಲೆ ಕೈ ಮಾಡಿದವರಿಗೆ ಶಿಕ್ಷೆ ವಿಧಿಸಲು 2020ರ ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಮೂರನೆಯದನ್ನು ಹೇಳಲು ನಮಗೆ ನಾಚಿಕೆಯಿದೆ. ನಮ್ಮ ಖೋಲಿಯ ಪಕ್ಕದಲ್ಲಿ ರಾಯಚೂರು ಕಡೆಯ ಹಿರಿಯರೊಬ್ಬರು ಒಬ್ಬರೇ ಇದ್ದರು. ಪ್ರತಿದಿನ ಸಾಯಂಕಾಲ ವಾಚನಾಲಯಕ್ಕೆ ನಾವು ಕೂಡಿಯೇ ಬರುತ್ತಿದ್ದೆವು. ಅವರಿಗೆ ಜ್ವರ ಬಂತು. ನಾವು ಎರಡು ಹೊತ್ತು ಊಟದ ಡಬ್ಬಿಯನ್ನು ಬಾಗಿಲ ಮುಂದೆ ಇಟ್ಟು, ಬಾಗಿಲು ತಟ್ಟಿ, ಅವರು ತೆರೆಯುವ ಮೊದಲೇ ಓಡಿಬಂದೆವು. ಹನ್ನೆರಡು ದಿನ ಹೀಗೆಯೇ ನಡೆಯಿತು. ಕರ್ತವ್ಯ ಮಾಡಿದೆವೆಂದೇ ತಿಳಿದಿದ್ದೆವು. ಅವರು ಗುಣವಾದ ಮೇಲೆ ಒಂದು ದಿನ ಹೇಳಿದರು: “ತಮ್ಮಾ, ಜ್ವರ ಐದು ದಿನಕ್ಕ ಇಳೀತು. ನೀ ಡಬ್ಬಿ ಇಟ್ಟು ಮಾತಾಡಸದ ಹೋಗ್ತಿದ್ದಿಯಲ್ಲ, ಅದು ಇನ್ನೂ ಇಳಿದಿಲ್ಲ ನೋಡು.”

ನಮ್ಮ ಬಳಿ ಫೋನಿತ್ತು. ಕಿಟಕಿಯಿತ್ತು. ದೂರ ನಿಂತು ಮಾತಾಡಲು ಯಾವ ಕಾನೂನೂ ಅಡ್ಡಿ ಮಾಡಿರಲಿಲ್ಲ. ಅಂತರ ಇರಬೇಕಾದದ್ದು ದೇಹಗಳ ನಡುವೆ. ನಾವು ಅದನ್ನು ಮನುಷ್ಯರ ನಡುವೆ ಹಾಕಿದೆವು. ಈ ಲೇಖನ ಬರೆಯಲು ಕಾರಣ ಆ ಹಿರಿಯರ ಮಾತೇ.

ತಾಳಿಕೊಳ್ಳುವ ದಾರಿಗಳು

ಲಾಜರಸ್ ಮತ್ತು ಫೋಕ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1984ರ ತಮ್ಮ ಗ್ರಂಥದಲ್ಲಿ ಕಷ್ಟವನ್ನು ಎದುರಿಸುವ ಬಗೆಗಳನ್ನು ಎರಡಾಗಿ ವಿಂಗಡಿಸಿದರು. ಒಂದು, ಕಷ್ಟದ ಮೂಲವನ್ನೇ ಸರಿಪಡಿಸುವುದು. ಇನ್ನೊಂದು, ಅದರಿಂದ ಕದಡಿದ ಮನಸ್ಸನ್ನು ಸಮಾಧಾನಗೊಳಿಸುವುದು. ನಮ್ಮ ಕೈಲಾದ ಕಡೆ ಮೊದಲನೆಯದು, ಕೈಲಾಗದ ಕಡೆ ಎರಡನೆಯದು ಬೇಕು.

ಮೊದಲು ರೋಗದ ದಾರಿಯನ್ನು ತಿಳಿಯಿರಿ. ವಿಷಮಶೀತಜ್ವರ, ಕಾಲರಾ ನೀರು ಅನ್ನದ ಮೂಲಕ ಬರುತ್ತವೆ. ನೀರು ಕಾಯಿಸಿ ಕುಡಿಯಬೇಕು. ಡೆಂಗಿಯ ಸೊಳ್ಳೆ ಹಗಲು ಕಚ್ಚುತ್ತದೆ. ವಾರಕ್ಕೊಮ್ಮೆ ಕೂಲರು, ಕುಂಡ, ಡ್ರಮ್ಮುಗಳ ನೀರು ಚೆಲ್ಲಬೇಕು. ಕೊರೋನ, ಕ್ಷಯ ಗಾಳಿಯ ಮೂಲಕ ಬರುತ್ತವೆ. ಕಿಟಕಿ ತೆರೆಯಬೇಕು, ಕೆಮ್ಮುವಾಗ ಬಾಯಿ ಮುಚ್ಚಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಉಚಿತ.

ಸುದ್ದಿಗೆ ಹೊತ್ತು ಗೊತ್ತು ಮಾಡಿರಿ. ದಿನಕ್ಕೊಮ್ಮೆ ಪತ್ರಿಕೆ ಓದಿದರೆ ಸಾಕು. ಯಾರು ಹೇಳಿದರೆಂದು ತಿಳಿಯದ ವಾಟ್ಸಾಪ್ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.

ಭಯದ ಬೇರು ಎಷ್ಟೋ ಸಲ ಹೊಟ್ಟೆಯಲ್ಲಿರುತ್ತದೆ. ‘ಮಲಗಿದರೆ ಪಗಾರ ಹೋಗುತ್ತದೆ’ ಎಂಬ ಚಿಂತೆ ಜ್ವರಕ್ಕಿಂತ ದೊಡ್ಡದು. ಅದನ್ನು ಬರಿಯ ಧೈರ್ಯದ ಮಾತು ಕಳೆಯಲಾರದು. ಇ.ಎಸ್.ಐ. ಯೋಜನೆಯಲ್ಲಿ ನಿಯಮದಂತೆ ವಂತಿಗೆ ಸಲ್ಲಿಸಿದ ಕೆಲಸಗಾರನಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70 ಪಾಲು ದೊರೆಯುತ್ತದೆ. ಪಗಾರದಲ್ಲಿ ವಂತಿಗೆ ಕಡಿತವಾಗುತ್ತಿದ್ದರೂ ಇದನ್ನು ತಿಳಿಯದವರನ್ನು ನಾವು ದಿನಾಲು ಕಾಣುತ್ತೇವೆ. ಅರ್ಜಿ ಬರೆಯಲು ಬಾರದವರು ನಮ್ಮಲ್ಲಿಗೆ ಬನ್ನಿ; ಬರೆದು ಕೊಡುತ್ತೇವೆ.

ದಿನಚರಿ ಬಿಡಬೇಡಿ. ಹೊತ್ತಿಗೆ ಊಟ, ಹೊತ್ತಿಗೆ ನಿದ್ರೆ, ಕೈಗೊಂದು ಕೆಲಸ. ಎದೆ ಬಡಿದುಕೊಂಡಾಗ ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ನಿಧಾನ ಬಿಡಿ. ಭಜನೆ, ನಮಾಜು, ಪ್ರಾರ್ಥನೆ ಅವರವರ ಇಷ್ಟ. ಅವು ಔಷಧದ ಜೊತೆಗಿರಲಿ, ಔಷಧದ ಬದಲಾಗಿ ಬೇಡ. ಸೆರೆ ಕುಡಿದು ಭಯ ಮರೆಯುವವನಿಗೆ ಮರುದಿನ ಭಯವೂ ಇರುತ್ತದೆ, ಸಾಲವೂ ಇರುತ್ತದೆ.

ಇಷ್ಟಾದರೂ ಎರಡು ವಾರ ನಿದ್ರೆಯಿಲ್ಲದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಮನಸ್ಸಿನ ವೈದ್ಯರನ್ನು ಕಾಣಬೇಕು. ಬದುಕು ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಇಲ್ಲಿ ‘ಎರ್ರಗಡ್ಡೆಗೆ ಕಳಿಸಬೇಕು’ ಎಂದು ಜನ ಹಾಸ್ಯ ಮಾಡುತ್ತಾರೆ. ಎರ್ರಗಡ್ಡೆಯಲ್ಲಿರುವುದು ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆ. ಕಾಲು ಮುರಿದವನು ದವಾಖಾನೆಗೆ ಹೋದರೆ ನಗುತ್ತೇವೆಯೇ? ಹೋಗಲು ಸಂಕೋಚವಿದ್ದವರು 14416 ಸಂಖ್ಯೆಗೆ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಈ ಟೆಲಿ-ಮಾನಸ್ ಸೇವೆ ಹಗಲೂ ರಾತ್ರಿಯೂ ಉಚಿತ; ಕನ್ನಡದಲ್ಲಿಯೂ ಮಾತನಾಡುತ್ತಾರೆ. ಪರಸ್ಥಳದಲ್ಲಿ ದುಃಖವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವುದೇ ಅರ್ಧ ಸಮಾಧಾನ.

ಕೊನೆಯದಾಗಿ ಒಂದು ವಿನಂತಿ. ಜ್ವರ, ಕೆಮ್ಮು ಇದ್ದವರು ದಯವಿಟ್ಟು ವಾಚನಾಲಯಕ್ಕೆ ಬರಬೇಡಿ. ಆದರೆ ಬರುವುದಿಲ್ಲವೆಂದು ಹೇಳಿ ಕಳಿಸಿ. ಬಾಗಿಲ ಬಳಿ ಒಂದು ನೋಟ್‌ಬುಕ್ಕು ಇಟ್ಟಿದ್ದೇವೆ. ಅದರಲ್ಲಿ ಹೆಸರು ಬಂದವರಿಗೆ ದಿನವೂ ಸಾಯಂಕಾಲ ನಮ್ಮಲ್ಲಿ ಒಬ್ಬರು ಫೋನು ಮಾಡುತ್ತಾರೆ, ಬೇಕಾದ ಪುಸ್ತಕವನ್ನು ಬಾಗಿಲಿಗೆ ಮುಟ್ಟಿಸುತ್ತಾರೆ. ಮುಟ್ಟಿಸಿ ಓಡಿಬರುವುದಿಲ್ಲ. ನಾಲ್ಕು ಮಾರು ದೂರ ನಿಂತು, ಮಾತಾಡಿಸಿಯೇ ಬರುತ್ತಾರೆ. ರಾಯಚೂರಿನ ಆ ಹಿರಿಯರು ನೋಟ್‌ಬುಕ್ಕಿನ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ.