ಕೆರೆ ಹಸಿರಾದರೆ ಮೈಲುತುತ್ತದ ಡ್ರಮ್ಮಿಗೆ ಕೈ ಹಾಕಬೇಡಿ

ಜನವರಿ ಕೊನೆಯ ಹೊತ್ತಿಗೆ ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಕಾಫಿ ರೇಟಿನಷ್ಟೇ ಕೆರೆಯ ಮಾತೂ ನಡೆಯುತ್ತದೆ. ಅರೇಬಿಕಾ ಕೊಯ್ಲು ಮುಗಿದು ಪಲ್ಪರ್ ಸದ್ದು ಅಡಗಿರುತ್ತದೆ. ಇನ್ನು ಮೂರ್ನಾಲ್ಕು ವಾರದಲ್ಲಿ ರೊಬಸ್ಟಾಗೆ ಹೂವಿನ ನೀರು ಬೇಕು. ಹೂಮಳೆ ಬಂದರೆ ಪುಣ್ಯ, ಬಾರದಿದ್ದರೆ ಸ್ಪ್ರಿಂಕ್ಲರೇ ಗತಿ. ಸ್ಪ್ರಿಂಕ್ಲರಿಗೆ ಬೇಕಾದ ನೀರು ತೋಟದ ಕೆರೆಯಲ್ಲಿದೆ. ಆ ಕೆರೆಗೆ ಪಾಚಿ ಕಟ್ಟುವುದೂ ಸರಿಯಾಗಿ ಅದೇ ಹೊತ್ತಿಗೆ.

ಪಂಪು ಚಾಲೂ ಮಾಡಿ ಅರ್ಧ ಗಂಟೆ ಆಗಿರುವುದಿಲ್ಲ, ಜೆಟ್ಟು ನೀರು ಎಸೆಯುವ ದೂರ ಕುಗ್ಗುತ್ತ ಬರುತ್ತದೆ. "ಗೌಡ್ರೇ, ಫುಟ್‌ವಾಲ್ವು ಮತ್ತೆ ಕಟ್ಕಂಡದೆ" ಎಂದು ಮೇಸ್ತ್ರಿ ಬಂದು ನಿಲ್ಲುತ್ತಾನೆ. ಪೈಪು ಎತ್ತಿ ನೋಡಿದರೆ ಜಾಲರಿಯ ಸುತ್ತ ನೂಲುಪಾಚಿ ಬಚ್ಚಲಲ್ಲಿ ಸಿಕ್ಕಿದ ಕೂದಲಿನ ಹಾಗೆ ಗಂಟುಗಂಟಾಗಿ ಸುತ್ತಿಕೊಂಡಿರುತ್ತದೆ. ಕೈಯಲ್ಲೇ ಕಿತ್ತು, ಮೇಲೊಂದು ಸೊಳ್ಳೆಪರದೆಯ ತುಂಡು ಕಟ್ಟಿ, ಮತ್ತೆ ನೀರಿಗೆ ಇಳಿಸುತ್ತಾರೆ. ಎರಡು ದಿನ ಇದೇ ನಡೆದ ಮೇಲೆ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: ಗೋಡೌನಿನಲ್ಲಿ ಮೈಲುತುತ್ತ ಇದೆಯಲ್ಲ, ನಾಲ್ಕು ಕೇಜಿ ಚೆಲ್ಲಿದರೆ ಮುಗೀತು.

ಈ ಸಲಹೆ ಎಲ್ಲಿಂದಲೋ ಉದುರಿದ್ದಲ್ಲ. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲರ್‌ಮನ್ ಎಂಬ ಇಬ್ಬರು, ಕುಡಿಯುವ ನೀರಿನ ಜಲಾಶಯಗಳ ಪಾಚಿಯನ್ನು ತೀರಾ ಅಲ್ಪ ಪ್ರಮಾಣದ ಮೈಲುತುತ್ತದಿಂದ ಕೊಲ್ಲಬಹುದೆಂದು ತೋರಿಸಿಕೊಟ್ಟರು. ಅಂದಿನಿಂದ ಇಂದಿನವರೆಗೂ ಜಗತ್ತಿನ ಎಷ್ಟೋ ಕಡೆ ಆ ಪದ್ಧತಿ ನಡೆದುಕೊಂಡು ಬಂದಿದೆ. ನಮ್ಮಲ್ಲಂತೂ ಮೈಲುತುತ್ತ ಇಲ್ಲದ ಕಾಫಿ ತೋಟವೇ ಅಪರೂಪ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಬಳ್ಳಿಗೆಂದು ಕಂಡುಕೊಂಡ ಬೋರ್ಡೋ ದ್ರಾವಣ ಕಾಫಿಯ ಎಲೆತುಕ್ಕಿಗೆ, ಮೆಣಸಿನ ಸೊರಗಿಗೆ, ಅಡಿಕೆಯ ಕೊಳೆಗೆ ಇವತ್ತಿಗೂ ಕೈಗೆ ಸಿಗುವ ಮೊದಲ ಔಷಧಿ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು: ಶೇ. 1ರ ಈ ಲೆಕ್ಕ ತೋಟದ ಹುಡುಗರಿಗೂ ಬಾಯಿಪಾಠ.

ತೊಂದರೆ ಇರುವುದು ನಮ್ಮ ನೀರಿನ ಗುಣದಲ್ಲಿ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್; ಅದರಲ್ಲಿರುವ ತಾಮ್ರದ ವಿಷ ಎಷ್ಟು ಕಟುವಾಗುತ್ತದೆ ಎಂಬುದು ನೀರಿನ ಕ್ಷಾರಗುಣದ ಮೇಲೆ, ಅಂದರೆ ಅದರಲ್ಲಿ ಕರಗಿರುವ ಸುಣ್ಣದಂಥ ಅಂಶದ ಮೇಲೆ ನಿಂತಿದೆ. ಬಯಲುಸೀಮೆಯ ಗಡಸು ನೀರಿನಲ್ಲಿ ತಾಮ್ರದ ಬಹುಪಾಲು ಬೇಗ ಬಂಧಿಯಾಗಿ ತಳಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆನೀರು ಮೆದು, ಬಂಡೆಯಲ್ಲೂ ಸುಣ್ಣದ ಅಂಶವಿಲ್ಲ. ಇಂಥ ನೀರಿಗೆ ಬಿದ್ದ ತಾಮ್ರ ಹಿಡಿಯುವವರಿಲ್ಲದೆ ಓಡಾಡುತ್ತ ಮೊದಲು ಬಸವನಹುಳ, ಸಿಗಡಿ, ನೀರುಹುಳುಗಳನ್ನು, ಆಮೇಲೆ ಮೀನಿನ ಕಿವಿರನ್ನು ಹಿಡಿಯುತ್ತದೆ.

ಮೀನು ಸಾಕಣೆಯವರ ರೂಢಿಯ ಲೆಕ್ಕ ಇದು: ನೀರಿನ ಕ್ಷಾರಗುಣ ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆಯೋ ಅದನ್ನು ನೂರರಿಂದ ಭಾಗಿಸಿದರೆ ಬಂದಷ್ಟೇ ಮಿಲಿಗ್ರಾಂ ಮೈಲುತುತ್ತ ಒಂದು ಲೀಟರಿಗೆ. 50ಕ್ಕಿಂತ ಕೆಳಗಿದ್ದರೆ ಮುಟ್ಟಲೇಬಾರದು. ಅರ್ಧ ಎಕರೆಯ, ಆರಡಿ ಆಳದ ಕೆರೆಯಲ್ಲಿ ಸುಮಾರು 37 ಲಕ್ಷ ಲೀಟರ್ ನೀರಿರುತ್ತದೆ. ಕ್ಷಾರಗುಣ 200 ಇರುವ ಬಯಲಿನ ಕೆರೆಗಾದರೆ ಹತ್ತಿರ ಹತ್ತಿರ ಏಳೂವರೆ ಕೇಜಿಯವರೆಗೂ ಲೆಕ್ಕ ಸಿಗುತ್ತದೆ. 20 ಇರುವ ಮಲೆನಾಡಿನ ಕೆರೆಗೆ ಅದೇ ಲೆಕ್ಕದಲ್ಲಿ ಮುಕ್ಕಾಲು ಕೇಜಿ; ಅದೂ ನಿಷಿದ್ಧದ ಗೆರೆಯ ಒಳಗೆ. ಗೋಡೌನಿನಿಂದ ಅಂದಾಜಿಗೆ ತಂದು ಚೆಲ್ಲುವ ನಾಲ್ಕು ಕೇಜಿ ಅದರ ಐದು ಪಟ್ಟು ದಾಟಿತು.

ಇದನ್ನು ನಮ್ಮ ತೋಟದವರಿಗಿಂತ ಚೆನ್ನಾಗಿ ಅರಿತಿರುವ ಇನ್ನೊಂದು ಜನವಿದೆ: ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಜೀವಂತ ಹವಳ ಬೆಳೆಸುವವರು. ಇವರ ಮೀನಿಗೆ ಪರಾವಲಂಬಿ ಜೀವಿ ತಗುಲಿದರೆ ಔಷಧಿ ತಾಮ್ರವೇ. ಆದರೆ ರೋಗದ ಮೀನನ್ನು ಬೇರೆ ತೊಟ್ಟಿಗೆ ಹಾಕಿ ಅಲ್ಲಿ ಮಾತ್ರ ಕೊಡುತ್ತಾರೆ. ಹವಳ, ಸಿಗಡಿ, ಶಂಖದ ಹುಳ ಇರುವ ತೊಟ್ಟಿಗೆ ತಾಮ್ರ ಬಿದ್ದರೆ ಅವು ಉಳಿಯುವುದಿಲ್ಲ. ಕಲ್ಲು, ಮರಳು ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತವೆ. ಹವಳ ಬದುಕುವುದೇ ತನ್ನ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿ ತಯಾರಿಸಿಕೊಡುವ ಆಹಾರದಿಂದ. ಹಾಗಾಗಿ ಆ ತೊಟ್ಟಿಯಲ್ಲಿ ಪಾಚಿಯನ್ನು ಒಟ್ಟಾರೆ ಕೊಲ್ಲುವ ಯಾವ ಮದ್ದೂ ನಡೆಯದು. ಬೇರೆ ದಾರಿ ಹುಡುಕುವುದು ಅವರಿಗೆ ಅನಿವಾರ್ಯವಾಯಿತು, ಆ ದಾರಿ ನಮಗೂ ಬೇಕು.

ಅವರು ಮೊದಲು ಅಳೆಯುವುದು ಪಾಚಿಗೆ ಆಹಾರವಾಗುವ ಎರಡನ್ನು, ನೈಟ್ರೇಟ್ ಮತ್ತು ಫಾಸ್ಫೇಟ್. ಫಾಸ್ಫೇಟನ್ನು ಲೀಟರಿಗೆ 0.1 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುವುದು ಅವರಲ್ಲಿ ರೂಢಿ. ಇದು ಹವ್ಯಾಸಿಗಳ ಮಡಿ ಎನಿಸಿದರೆ ಕೆನಡಾದ ಕತೆ ಕೇಳಿ. 1973ರಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಜೊತೆಗಾರರು ಆಂಟಾರಿಯೊದ ಒಂದು ಸಣ್ಣ ಸರೋವರವನ್ನು ನಡುವೆ ಪರದೆ ಇಳಿಬಿಟ್ಟು ಎರಡು ಮಾಡಿದರು. ಎರಡೂ ಭಾಗಕ್ಕೆ ಇಂಗಾಲ, ಸಾರಜನಕ ಹಾಕಿದರು. ಫಾಸ್ಫೇಟಿನಲ್ಲಿರುವ ರಂಜಕ ಬಿದ್ದದ್ದು ಒಂದಕ್ಕೆ ಮಾತ್ರ. ಆ ಒಂದು ಭಾಗ ಹಚ್ಚಗೆ ಹಸಿರಾಯಿತು, ಪಕ್ಕದ್ದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಚಿತ್ರ ಡಿಟರ್ಜೆಂಟುಗಳಲ್ಲಿನ ರಂಜಕದ ವಿರುದ್ಧದ ವಾದಕ್ಕೆ ದೊಡ್ಡ ಬಲ ಕೊಟ್ಟಿತು.

ಹಾಗಾದರೆ ನಮ್ಮ ಕೆರೆಗೆ ರಂಜಕ ಬರುವುದು ಎಲ್ಲಿಂದ? ಗೊಬ್ಬರದಿಂದ ಎನ್ನುವುದು ಎಲ್ಲರ ಬಾಯಲ್ಲೂ ಇರುವ ಉತ್ತರ, ಅದು ಅರ್ಧ ನಿಜ. ಹೂವಿಗೆ ಮೊದಲು, ಹೂವಿನ ನಂತರ, ಮಳೆಯ ನಡುವೆ, ಮಳೆ ಬಿಟ್ಟ ಮೇಲೆ ಎಂದು ಕಂತಿನಲ್ಲಿ ಗೊಬ್ಬರ ಕೊಡುತ್ತೇವೆ. ಜೂನ್-ಜುಲೈನ ಜಡಿಮಳೆ ಅದರಲ್ಲಿ ಒಂದು ಪಾಲನ್ನು ಮಣ್ಣಿನ ಜೊತೆ ಕೆರೆಗೆ ತರುತ್ತದೆ. ಲೈನ್ ಮನೆಗಳ ಬಟ್ಟೆ ಸೋಪು, ಕೊಟ್ಟಿಗೆಯ ಗಂಜಲ ಕೂಡ ಇಳಿಜಾರು ಹಿಡಿದು ಅಲ್ಲಿಗೇ ಬರುತ್ತವೆ. ಆದರೆ ನಮ್ಮ ಕೆಂಪುಮಣ್ಣಿನಲ್ಲಿ ಕಬ್ಬಿಣ ಧಾರಾಳ, ಕಬ್ಬಿಣ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಫಾಸ್ಫೇಟ್ ಹೀರಲೆಂದು ದುಬಾರಿ ಬೆಲೆಗೆ ಮಾರುವ ಕಂದು ಬಣ್ಣದ ಹರಳು ಕೂಡ ಕಬ್ಬಿಣದ ಆಕ್ಸೈಡೇ. ಹಾಗೆ ನೋಡಿದರೆ ತಳದಲ್ಲಿ ಕೆಂಪುಮಣ್ಣಿರುವ ನಮ್ಮ ಕೆರೆಗಳು ಬಿಟ್ಟಿಯಾಗಿ ಆ ಫಿಲ್ಟರ್ ಪಡೆದು ಹುಟ್ಟಿದವು. ಅವು ಇಷ್ಟು ಸುಲಭಕ್ಕೆ ಹಸಿರಾಗಬಾರದಿತ್ತು.

ಈ ಒಗಟು ಬಿಡಿಸಿದವರು ಇಂಗ್ಲೆಂಡಿನ ಕ್ಲಿಫರ್ಡ್ ಮಾರ್ಟಿಮರ್. ಕೆರೆಯ ತಳದಲ್ಲಿ ಆಮ್ಲಜನಕ ಇರುವತನಕ ಮಾತ್ರ ಕಬ್ಬಿಣ ರಂಜಕವನ್ನು ಹಿಡಿದಿರುತ್ತದೆ, ಆಮ್ಲಜನಕ ಮುಗಿದ ಕೂಡಲೇ ಹಿಡಿತ ಸಡಿಲಿಸಿ ವರ್ಷಗಳಿಂದ ಕೂಡಿಟ್ಟದ್ದನ್ನು ನೀರಿಗೆ ಬಿಟ್ಟುಕೊಡುತ್ತದೆ ಎಂಬುದನ್ನು ಅವರು 1941-42ರಲ್ಲಿ ವಿವರವಾಗಿ ತೋರಿಸಿದರು. ಕಾಫಿ ಸೀಮೆಯಲ್ಲಿ ಕೆರೆತಳದ ಆಮ್ಲಜನಕ ಮುಗಿಸುವ ಕೆಲಸ ಮಾಡುವುದು ಪಲ್ಪಿಂಗ್ ನೀರು.

ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ಹುಳಿಯಿಸಿ ತೊಳೆದ ಆ ನೀರಿನಲ್ಲಿ ತುಂಬಿರುವುದು ಸಕ್ಕರೆ, ಪೆಕ್ಟಿನ್. ವಿಷವೆಂದು ಹೆಸರಿಡಲು ಅದರಲ್ಲೇನೂ ಕಾಣದು, ಹುಳಿವಾಸನೆಯ ಕಂದು ನೀರು ಅಷ್ಟೆ. ಆದರೆ ಅದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ ಲೀಟರಿಗೆ ಸಾವಿರಾರು ಮಿಲಿಗ್ರಾಂ. ಊರಿನ ಚರಂಡಿ ನೀರಿಗೆ ಬೇಕಾಗುವುದು ಇನ್ನೂರು ಮುನ್ನೂರು. ಸಕಲೇಶಪುರದ ಎತ್ತರದಲ್ಲಿ ಒಳ್ಳೆಯ ಕೆರೆನೀರಿನ ಒಂದು ಲೀಟರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ ಎಂಟು ಮಿಲಿಗ್ರಾಂ ಆಸುಪಾಸು. ನಾಲ್ಕು ಸಾವಿರ ಎಂದೇ ಹಿಡಿಯಿರಿ: ಒಂದು ಲೀಟರ್ ಪಲ್ಪಿಂಗ್ ನೀರು ಐನೂರು ಲೀಟರ್ ಕೆರೆನೀರಿನ ಉಸಿರು ಖಾಲಿ ಮಾಡುತ್ತದೆ. ಡಿಸೆಂಬರಿನಲ್ಲಿ ಪಲ್ಪಿಂಗ್ ನೀರು ನಿಲ್ಲಿಸುವ ಗುಂಡಿ ತುಂಬಿ ಸೋರಿದ್ದು ಕೆರೆಯ ತಳ ಸೇರುತ್ತದೆ, ಜನವರಿಯಲ್ಲಿ ತಳ ಕೊಳೆಯುತ್ತದೆ, ಬಿಸಿಲೇರಿದಂತೆ ಬಿಡುಗಡೆಯಾದ ರಂಜಕ ಪಾಚಿಯಾಗಿ ಮೇಲೆ ಬರುತ್ತದೆ. ಫೆಬ್ರವರಿಯ ಹಸಿರಿಗೂ ಕ್ರಿಸ್‌ಮಸ್ ವಾರದ ಪಲ್ಪರಿಗೂ ಸಂಬಂಧ ಇದೆಯೆಂದು ಯಾರಿಗೂ ತೋಚದಿರುವುದು ಈ ಒಂದು ತಿಂಗಳ ಅಂತರದಿಂದ.

ನದಿಗೂ ಇದೇ ಹಣೆಬರಹ. ಬಲ್ಲಾಳರಾಯನ ದುರ್ಗದ ಕಡೆ ಹುಟ್ಟಿ ಸಕಲೇಶಪುರದ ಪೇಟೆ ಬದಿಯಲ್ಲಿ ಹರಿದು ಹೋಗುವ ಹೇಮಾವತಿಯಲ್ಲಿ ಮಳೆಗಾಲದಲ್ಲಿ ಏನು ಬಿದ್ದರೂ ಕೊಚ್ಚಿ ಹೋಗುತ್ತದೆ. ಪಲ್ಪಿಂಗ್ ನಡೆಯುವುದು ಮಳೆ ನಿಂತು ಹೊಳೆ ಸೊರಗುವಾಗ. ಆ ನೀರು ಮುಂದೆ ಗೊರೂರು ಅಣೆಕಟ್ಟೆಯಲ್ಲಿ ನಿಂತು ನಾಲೆ ಹಿಡಿದು ತುಮಕೂರಿನವರೆಗೆ ಹೋಗುತ್ತದೆ. ಘಟ್ಟದ ಪಶ್ಚಿಮಕ್ಕೆ ಬಿದ್ದ ಹನಿ ಕೆಂಪುಹೊಳೆ, ಗುಂಡ್ಯ ಹೊಳೆ, ಕುಮಾರಧಾರೆ ಸೇರಿ ನೇತ್ರಾವತಿಯಲ್ಲಿ ಮಂಗಳೂರಿನ ಕಡಲಿಗೆ. ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡಕೂಡದು, ತಳಕ್ಕೆ ಹಾಸು ಹಾಕಿದ ಗುಂಡಿಗಳಲ್ಲಿ ನಿಲ್ಲಿಸಬೇಕು ಎಂಬ ಷರತ್ತು ಪಲ್ಪರ್ ಇಟ್ಟವರಿಗೆಲ್ಲ ಗೊತ್ತು. ಐದಾರು ಎಕರೆಯ ಬೆಳೆಗಾರರಲ್ಲಿ ಬಹಳ ಮಂದಿ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡುವವರಾದ್ದರಿಂದ ಈ ಪಾಪದಲ್ಲಿ ಅವರ ಪಾಲು ಕಮ್ಮಿ. ಪಲ್ಪ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟಿನ ಹೆಚ್ಚಿನ ಬೆಲೆ ಪಡೆಯುವವರು ಗುಂಡಿಯ ಖರ್ಚಿಗೆ ಹಿಂದೆಮುಂದೆ ನೋಡುವುದನ್ನು ಒಪ್ಪುವುದು ಕಷ್ಟ.

ಗುಂಡಿ ಇದ್ದರೂ ಅದರ ಗಾತ್ರ ಕೊಯ್ಲಿನ ಸರಾಸರಿ ದಿನಕ್ಕಲ್ಲ, ಹಣ್ಣು ಒಟ್ಟಿಗೇ ಬರುವ ದಿನಕ್ಕೆ ತಕ್ಕಂತಿರಬೇಕು. ತೊಳೆದ ನೀರನ್ನೇ ಮತ್ತೆ ಸಿಪ್ಪೆ ಬಿಡಿಸಲು ತಿರುಗಿಸಿದರೆ, ಲೋಳೆಯನ್ನು ಯಂತ್ರದಲ್ಲೇ ಉಜ್ಜಿ ತೆಗೆದರೆ ಗುಂಡಿಗೆ ಹೋಗುವ ನೀರೇ ಕಡಿಮೆ. ಹುಳಿ ನೀರಿಗೆ ಸುಣ್ಣ ಹಾಕಿದಾಗ ಅದು ಕಪ್ಪಗಾಗುವುದು ಕಂಡು ಕೆಲವರು ಕೆಟ್ಟಿತೆಂದು ಸುಣ್ಣ ನಿಲ್ಲಿಸುತ್ತಾರೆ. ಸಿಪ್ಪೆಯ ಒಗರು ಅಂಶಗಳು ಹುಳಿ ಇಳಿದಾಗ ಬಣ್ಣ ತಿರುಗುವುದು ಸಹಜ, ಗಾಬರಿಯಾಗಬೇಕಿಲ್ಲ.

ಈಗಾಗಲೇ ಹಸಿರಾದ ಕೆರೆಗೆ ಏನು ಮಾಡುವುದು? ಮೊದಲು ಅದು ಯಾವ ಹಸಿರು ಎಂದು ನೋಡಿ. ಒಂದು ಕೋಲು ಅದ್ದಿ ಎತ್ತಿದಾಗ ನೂಲಾಗಿ ಜೋತರೆ ನೂಲುಪಾಚಿ. ಪಂಪಿಗೆ ಕಾಟ, ದನಕ್ಕೆ ಅಪಾಯವಿಲ್ಲ. ಕೋಲಿಗೆ ಬಣ್ಣ ಬಳಿದಂತೆ ಅಂಟಿದರೆ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಟ್ಟ ನೀರಿನಲ್ಲಿ ಹಸಿರು ಮೇಲಕ್ಕೆ ಬಂದು ನಿಂತರೆ ಅದು ನೀಲಿಹಸಿರು ಪಾಚಿಯಿರಬಹುದು. ಅದರ ಕೆಲವು ಜಾತಿ ಪಿತ್ತಜನಕಾಂಗಕ್ಕೆ ವಿಷ, ಅಲ್ಲಿ ದನಕ್ಕೆ ನೀರು ಕುಡಿಸಬೇಡಿ. ಮೈಲುತುತ್ತ ಹಾಕಿದರೆ ಜೀವಕೋಶ ಒಡೆದು ಆ ವಿಷ ಒಮ್ಮೆಲೇ ನೀರಿಗೆ ಬೀಳುತ್ತದೆ. ಸತ್ತ ಪಾಚಿ ಕೊಳೆಯಲು ಮತ್ತೆ ಆಮ್ಲಜನಕ ಬೇಕು, ತಳ ಮತ್ತೆ ಉಸಿರು ಕಟ್ಟುತ್ತದೆ, ಕಬ್ಬಿಣ ಮತ್ತೆ ರಂಜಕ ಬಿಡುತ್ತದೆ. ಮದ್ದು ಹಾಕಿದ ಕೆರೆ ಕೆಲವೇ ವಾರದಲ್ಲಿ ಮೊದಲಿಗಿಂತ ಹಸಿರಾಗುವುದು ಹೀಗೆ.

ನೂಲುಪಾಚಿಯನ್ನು ಬಿದಿರ ಗಳುವಿಗೆ ಸುತ್ತಿ ಎಳೆದು ದಡಕ್ಕೆ ಹಾಕುವ ಹಳೇ ಪದ್ಧತಿಯೇ ನನಗೆ ಒಪ್ಪಿಗೆ. ಎಳೆದದ್ದನ್ನು ದಡದಲ್ಲೇ ಬಿಡದೆ ಕಾಂಪೋಸ್ಟಿಗೆ ಹೊರಬೇಕು, ಅಷ್ಟು ರಂಜಕ ಕೆರೆಯಿಂದ ನಿಜವಾಗಿ ಹೊರಹೋಯಿತು. ಹವಳ ಸಾಕುವವರು ಮಾಡುವುದೂ ಇದನ್ನೇ: ಮುಖ್ಯ ತೊಟ್ಟಿಯ ಪಕ್ಕದ ಸಣ್ಣ ತೊಟ್ಟಿಯಲ್ಲಿ ಬೇಕೆಂದೇ ಪಾಚಿ ಬೆಳೆಸಿ, ವಾರ ವಾರ ಕಿತ್ತೆಸೆಯುತ್ತಾರೆ. ಇದನ್ನು ಶಾಸ್ತ್ರೀಯವಾಗಿ ರೂಪಿಸಿದವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ. ಪಾಚಿಯ ಕೆಲಸವನ್ನು ಪಾಚಿಯಿಂದಲೇ ಮಾಡಿಸಿ ಕೊಯ್ಲು ಮಾಡುವ ಯೋಚನೆ ಕೃಷಿಕರಿಗೆ ಒಗ್ಗುವಂಥದ್ದು. ಕೆರೆಗೆ ನೀರು ಇಳಿಯುವ ಬಾಯಲ್ಲಿ ಒಂದು ಸಣ್ಣ ಹೊಂಡ ಮಾಡಿ ಆಪು, ಕೆಸುವು ಬೆಳೆಯಲು ಬಿಟ್ಟು ವರ್ಷಕ್ಕೆರಡು ಸಲ ಕೊಯ್ದರೆ ಮಣ್ಣು ಅಲ್ಲೇ ನಿಲ್ಲುತ್ತದೆ, ಗೊಬ್ಬರವೂ.

ಮೀನು ಮುಂಜಾವದಲ್ಲಿ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಳದ ಉಸಿರು ಕಟ್ಟಿದೆ ಎಂದೇ ಲೆಕ್ಕ. ಇದ್ದ ಪಂಪನ್ನೇ ಬೆಳಗಿನ ಜಾವ ಚಾಲೂ ಮಾಡಿ ನೀರನ್ನು ಮತ್ತೆ ಕೆರೆಗೇ ಚಿಮ್ಮಿಸಿ. ಮೆದು ನೀರಿಗೆ ಕ್ಷಾರಗುಣದ ಬಲ ಬೇಕಾದರೆ ತೋಟದ ಮಣ್ಣಿಗೆ ಹಾಕುವ ಕೃಷಿ ಸುಣ್ಣ ಸಾಕು. ಬೋರ್ಡೋಗೆಂದು ತಂದ ಸುಟ್ಟ ಸುಣ್ಣ ಮೀನಿರುವ ಕೆರೆಗೆ ಬೇಡ, ಅದರ ಖಾರ ಒಮ್ಮೆಲೇ ಏರುತ್ತದೆ. ಕ್ಷಾರಗುಣ ಅಳೆಯುವ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ, ಬೆಂಗಳೂರಿಗೆ ಹೋದವರು ಒಂದು ತರಬಹುದು.

ಇನ್ನು ಬೋರ್ಡೋ ಹೊಡೆದ ಡ್ರಮ್ಮು, ಸ್ಪ್ರೇಯರ್ ಪೈಪುಗಳನ್ನು ಕೆರೆಯ ಮೆಟ್ಟಿಲಲ್ಲೇ ತೊಳೆಯುವ ಅಭ್ಯಾಸ. ಮುಂಗಾರಿಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ, ವರ್ಷ ವರ್ಷವೂ ಹೀಗೆ ಇಳಿದ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಹೂಳಿನಲ್ಲೇ ಕೂತಿರುತ್ತದೆ. ಏಪ್ರಿಲ್-ಮೇನಲ್ಲಿ ಹೂಳೆತ್ತಿ ಗಿಡದ ಬುಡಕ್ಕೆ ಹಾಕುವವರು, ಮಣ್ಣಿನ ಪರೀಕ್ಷೆಗೆ ಕೊಡುವಾಗ ಹೂಳಿನದೂ ಒಂದು ಪೊಟ್ಟಣ ಕಟ್ಟಿ, ತಾಮ್ರ ನೋಡಿ ಕೊಡಿ ಎಂದು ಬರೆದು ಕಳಿಸಿ.