ದಂಡ ಮಾಲೀಕನಿಗೆ, ಎಚ್ಚರ ನಮಗೆ

ಮಂಗಳೂರು, ಉಡುಪಿ ಸುತ್ತಿನ ನಮ್ಮ ಅನೇಕ ಕುಟುಂಬಗಳ ಮನೆ, ಮಕ್ಕಳ ಶಿಕ್ಷಣ, ಮದುವೆ ಇವೆಲ್ಲದರ ಹಿಂದೆ ಗಲ್ಫ್ ರಾಷ್ಟ್ರಗಳ ದುಡಿಮೆಯಿದೆ. ಅಲ್ಲಿನ ಕಾರ್ಮಿಕ ಕಾನೂನು ಬದಲಾದರೆ ಅದರ ಬಿಸಿ ಇಲ್ಲಿನ ಅಡುಗೆಮನೆಗೂ ತಟ್ಟುತ್ತದೆ.

ಯು.ಎ.ಇ. ಸರಕಾರವು 2024ರಲ್ಲಿ ಕಾರ್ಮಿಕ ಕಾಯಿದೆಯನ್ನು ತಿದ್ದಿ, ಪರವಾನಗಿಯಿಲ್ಲದೆ ಕೆಲಸಗಾರರನ್ನು ದುಡಿಸಿಕೊಳ್ಳುವ ಮಾಲೀಕರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ವಿಧಿಸಿತು. ಹಿಂದೆ ಇದು 50 ಸಾವಿರದಿಂದ 2 ಲಕ್ಷದವರೆಗೆ ಇತ್ತು. ಕರೆತಂದು ಕೆಲಸ ಕೊಡದವರಿಗೂ, ಕಾರ್ಮಿಕರ ಬಾಕಿ ತೀರಿಸದೆ ಬಾಗಿಲು ಮುಚ್ಚುವವರಿಗೂ ಇದೇ ಶಿಕ್ಷೆ.

ಇನ್ನೊಂದು ನಿಯಮ ಸ್ಥಳೀಯರ ನೇಮಕಾತಿಯದು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು 2022ರಿಂದ ಕುಶಲ ಹುದ್ದೆಗಳಲ್ಲಿ ಸ್ವದೇಶಿಯರ ಪ್ರಮಾಣವನ್ನು ವರ್ಷಕ್ಕೆ ಶೇ. 2ರಂತೆ ಹೆಚ್ಚಿಸಬೇಕೆಂದು ವಿಧಿಸಲಾಯಿತು. ತಪ್ಪಿದರೆ, ನೇಮಿಸದ ಪ್ರತಿಯೊಬ್ಬನ ಲೆಕ್ಕದಲ್ಲಿ ಮೊದಲಿಗೆ ತಿಂಗಳಿಗೆ 6,000 ದಿರ್ಹಮ್. ಬಳಿಕ ವರ್ಷಕ್ಕೆ ಸಾವಿರದಂತೆ ಏರಿಕೆ. ಕಾಗದದಲ್ಲಷ್ಟೇ ಸ್ವದೇಶಿಯರನ್ನು ತೋರಿಸಿದವರಿಗೆ 2024ರ ತಿದ್ದುಪಡಿಯ ದಂಡ, ಅದೂ ತಲೆಯೆಣಿಕೆಯ ಮೇಲೆ ಗುಣಿಸಿ.

ದಂಡ ಮಾಲೀಕನ ಹೆಸರಿಗೆ ಬಂದರೂ ಸಂಕಟ ಕೆಲಸಗಾರನ ಹೆಗಲಿಗೂ ಇಳಿಯುತ್ತದೆ. 2011ರಲ್ಲಿ ಸೌದಿ ಅರೇಬಿಯಾ ತಂದ ‘ನಿತಾಖತ್’ ಪದ್ಧತಿಯೇ ಇದಕ್ಕೆ ಸಾಕ್ಷಿ. ಸ್ಥಳೀಯರ ಪ್ರಮಾಣ ತೀರ ಕಡಿಮೆಯಿದ್ದ ‘ಕೆಂಪು’ ಸಂಸ್ಥೆಗಳಿಗೆ ವಿದೇಶೀ ನೌಕರರ ಪರವಾನಗಿ ನವೀಕರಿಸುವ ಹಕ್ಕು ತಪ್ಪಿತು. ತಪ್ಪು ಸಂಸ್ಥೆಯದು, ಕಾನೂನುಬಾಹಿರನಾದವನು ನೌಕರ! ಆದರೆ ಅಂತಹವರು ಮಾಲೀಕನ ಒಪ್ಪಿಗೆಯಿಲ್ಲದೆ ‘ಹಸಿರು’ ಸಂಸ್ಥೆಗೆ ಸೇರಲು ಅದೇ ಪದ್ಧತಿಯಲ್ಲಿ ಅವಕಾಶವಿತ್ತು. ದಾಖಲೆ ಸರಿಪಡಿಸಿಕೊಳ್ಳಲು 2013ರ ನವೆಂಬರ್ 3ರವರೆಗೆ ಗಡುವೂ ದೊರೆಯಿತು. ತಿಳಿಯದವನ ಪಾಲಿಗೆ ಇವೆರಡೂ ಇದ್ದೂ ಇಲ್ಲದಂತೆ.

ಆದುದರಿಂದ ಹೊರಡುವ ಮುನ್ನ ಕೆಲವನ್ನು ವಿಚಾರಿಸಿಕೊಳ್ಳುವುದು ಲೇಸು. ಸಂದರ್ಶಕರ ವೀಸಾದಲ್ಲಿ ಹೋಗಿ ದುಡಿಯುವುದು ಬೇಡ. ಪರವಾನಗಿಯಲ್ಲಿರುವ ಹೆಸರೂ ಸಂಬಳ ಕೊಡುವವರ ಹೆಸರೂ ಒಂದೇ ಆಗಿರಲಿ. ನೇಮಕಾತಿಯ ವೆಚ್ಚವನ್ನು ನೌಕರನಿಂದ ವಸೂಲು ಮಾಡಕೂಡದೆಂದು ಯು.ಎ.ಇ.ಯ 2021ರ ಕಾಯಿದೆ ಹೇಳಿದೆ. ನಮ್ಮಲ್ಲಿಯೂ ನೇಮಕಾತಿ ಏಜೆಂಟರು ನೋಂದಣಿ ಪಡೆದಿರಬೇಕೆಂದು 1983ರ ವಲಸೆ ಕಾಯಿದೆ ವಿಧಿಸಿತು. ಸಾಲ ಮಾಡಿ, ಒಡವೆ ಅಡವಿಟ್ಟು ಮಗನನ್ನೋ ಮಗಳನ್ನೋ ಕಳುಹಿಸುವ ತಂದೆತಾಯಂದಿರು ಟಿಕೇಟಿಗಿಂತ ಮೊದಲು ಪರವಾನಗಿಯ ಪ್ರತಿಯನ್ನು ಕೇಳಲಿ. ಹಾಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ.